ಕಾಗದದಲ್ಲಿ ಒಂದೇ ತೂತು

ನನ್ನ ತಮ್ಮ ವೆಂಡೆಲ್‌ನ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಗುರಿಕಾಗದ ಅಂಟಿಸಿದೆ. ಹೋದ ವರ್ಷ ನೂರು ಗಜ ದೂರದಿಂದ ಐದು ಗುಂಡು ಹೊಡೆದಿದ್ದ. ಐದೂ ಒಂದರ ಮೈಮೇಲೊಂದು ಬಿದ್ದು ಕಾಗದದಲ್ಲಿ ಒಂದೇ ಹರಕು ತೂತಾಗಿತ್ತು. ಮನೆಗೆ ಯಾರೇ ಬರಲಿ, ಕಾಫಿ ಕೊಡುವ ಮೊದಲು ಜೇಬಿನಿಂದ ಕಾಲು ಡಾಲರಿನ ನಾಣ್ಯ ತೆಗೆದು ಆ ತೂತಿನ ಮೇಲಿಟ್ಟು, ಅದು ಪೂರ್ತಿ ಮುಚ್ಚಿಹೋಗುವುದನ್ನು ತೋರಿಸುತ್ತಾನೆ. ಲುಥೆರನ್ ಚರ್ಚಿನ ಪಾದ್ರಿಯಮ್ಮನಿಗೂ ತೋರಿಸಿದ್ದಾನೆ. ಆಯಮ್ಮ ಪಾಪ, "ದೇವರ ಕೃಪೆ" ಎಂದರಂತೆ. ಅದಕ್ಕೂ ಇವನು, ದೇವರದಲ್ಲ, ನನ್ನ ಕೈಯದು ಎಂದನಂತೆ.

ನಮ್ಮ ಶೋಟೋ ಊರಿನಲ್ಲಿ ಬೇಟೆಯಾಡುವ ಬಹಳ ಮನೆಗಳಲ್ಲಿ ತೋಟೆಯನ್ನು ಅಂಗಡಿಯಿಂದ ತರುವುದಿಲ್ಲ, ಕೈಯಾರೆ ತುಂಬಿಕೊಳ್ಳುತ್ತಾರೆ. ಹಳೆಯ ಹಿತ್ತಾಳೆ ಕೊಳವೆ ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಒತ್ತಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಕೂರಿಸಿದರೆ ಒಂದು ತೋಟೆ. ಕೆಲಸ ಇಷ್ಟೇ. ಅದರ ಮೇಲಿನ ಜಗಳ ಮಾತ್ರ ಮುಗಿಯುವುದಿಲ್ಲ. ವೆಂಡೆಲ್ ಕಾಗದದ ಪಕ್ಷ. ಗುಂಡುಗಳು ಒತ್ತೊತ್ತಾಗಿ ಬಿದ್ದರೆ ತೋಟೆ ಒಳ್ಳೆಯದು, ಮುಗಿಯಿತು. ನಾನು ವೇಗದ ಪಕ್ಷ. ಪ್ರತಿ ಗುಂಡೂ ನಳಿಗೆಯಿಂದ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಟರೆ ತಾನೇ ಒಳಗೆ ಪ್ರತಿ ಸಲವೂ ಒಂದೇ ಕೆಲಸ ನಡೆದಿದೆ ಎಂದು ಅರ್ಥ? ವೇಗ ಹೊಯ್ದಾಡಿದರೂ ನೂರು ಗಜದಲ್ಲಿ ಕಾಗದ ಅದನ್ನು ಮುಚ್ಚಿಡುತ್ತದೆ. ನಾಲ್ಕುನೂರು ಗಜದಲ್ಲಿ ನಿಂತ ಎಲ್ಕ್ ಕಡವೆಯ ಎದೆಗೆ ಗುರಿಯಿಟ್ಟರೆ ಹೊಟ್ಟೆಗೆ ಹೋಗಿ ಬೀಳುತ್ತದೆ. ಆಮೇಲೆ ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ಅಲೆಯಬೇಕು.

"ನೀನು ಧಾನ್ಯದ ಲಾರಿ ತೂಗಿ ತೂಗಿ ಕೆಟ್ಟೆ ಕಣೇ ನೆಡ್," ಎನ್ನುತ್ತಾನೆ ಅವನು, ಅಕ್ಕನ ಹೆಸರನ್ನು ಮೊಟಕು ಮಾಡಿ. ನಾನು ನಿವೃತ್ತಿಯಾಗುವವರೆಗೂ ಊರಿನ ಗೋಧಿ ಉಗ್ರಾಣದಲ್ಲಿ ತೂಕದವಳಾಗಿದ್ದೆ. "ನಂಬರ್ ನೋಡಿದ್ರೆ ನಿಂಗೆ ಜೊಲ್ಲು ಸುರಿಯುತ್ತೆ."

"ನೀನು ಸ್ಕೂಲ್ ಬಸ್ಸಿನ ಕೆಳಗೆ ಮಲಗಿ ಮಲಗಿ ಕೆಟ್ಟೆ. ಮೇಲಿಂದ ಏನು ತೊಟ್ಟಿಕ್ಕಿದ್ರೂ ಎಣ್ಣೆ ಅಂತೀಯ." ಅವನು ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವನು.

ಇದೆಲ್ಲ ತಮಾಷೆಯಾಗಿಯೇ ಇತ್ತು, ಆ ಶನಿವಾರದವರೆಗೆ.

ಆ ಶನಿವಾರ ನಾನು ಹೊಸದಾಗಿ ಕೊಂಡ ವೇಗಮಾಪಕವನ್ನು ಎತ್ತಿಕೊಂಡು ಅವನ ಮನೆಗೆ ಹೋದೆ. ಅಂಗೈಯಗಲದ ಕರಿ ಪೆಟ್ಟಿಗೆ. ಕೋವಿಯ ಪಕ್ಕದಲ್ಲಿಟ್ಟರೆ ಸಾಕು, ಗುಂಡು ಸೆಕೆಂಡಿಗೆ ಎಷ್ಟು ಅಡಿ ಓಡಿತು ಎಂದು ಹೇಳುತ್ತದೆ. ಅವನ ಜಂಬ ಇಳಿಸಬೇಕು ಎಂಬುದೊಂದೇ ನನ್ನ ಉದ್ದೇಶ, ಸುಳ್ಳು ಏಕೆ ಹೇಳಲಿ. ಎಲ್ಕ್ ಬೇಟೆಯ ಕಾಲ ಶುರುವಾಗಿ ವಾರ ಕಳೆದಿತ್ತು. ಮಾರೆನ್ ಬೆಳಕು ಹರಿಯುವ ಮುಂಚೆಯೇ ಬೆಟ್ಟಕ್ಕೆ ಹೋಗಿದ್ದಳು.

ಮಾರೆನ್ ವೆಂಡೆಲ್‌ನ ಒಬ್ಬಳೇ ಮಗಳು. ಅವಳಮ್ಮ ಸ್ಪೋಕೇನ್‌ಗೆ ಹೋಗಿ ಬೇರೆ ಸಂಸಾರ ಹೂಡಿದ ಮೇಲೆ ನಾವಿಬ್ಬರೂ ಸೇರಿ ಸಾಕಿದ ಹುಡುಗಿ. ಈಗ ದನದ ಡಾಕ್ಟರ ಹತ್ತಿರ ಕೆಲಸ ಮಾಡುತ್ತಾಳೆ. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿಕೊಂಡೇ ನನಗೆ ಫೋನು ಮಾಡಿ, "ಅತ್ತೆ, ಇವತ್ತು ಮಾಂಸದ ಚಿಲ್ಲಿ ಮಾಡ್ತೀಯಾ? ಜೊತೆಗೆ ಸಿನಮನ್ ರೋಲ್?" ಎಂದು ಕೇಳುವವಳು. ನನಗೆ ಮಕ್ಕಳಿಲ್ಲ. ಇವಳಿರುವಾಗ ಅದು ನೆನಪಾಗುವುದೂ ಇಲ್ಲ.

"ತೋಟೆ ಯಾವುದು ಕೊಟ್ಟು ಕಳಿಸಿದೆ ಅವಳಿಗೆ?" ಎಂದೆ.

"ಇನ್ಯಾವುದು? ಫ್ರಿಜ್ಜಿನ ಮೇಲಿರೋ ಕಾಗದದ್ದೇ. ಅದೇ ಗುಂಡು, ಅದೇ ಮದ್ದು, ಅದೇ ತೂಕ. ಹೋದ ವಾರ ಹೊಸದಾಗಿ ತುಂಬ್ದೆ. ಮೊದಲು ತುಂಬಿದ ಸಾಲುಗಳೆಲ್ಲ ಅವಳಿಗೆ, ಕೊನೇ ಸಾಲು ನಂಗೆ."

ಅದು ನಮ್ಮಪ್ಪನ ಕಾಲದಿಂದ ಬಂದ ರೂಢಿ. ತುಂಬುವಾಗ ಮೊದಮೊದಲಿಗೆ ಕೈ ಹೆಚ್ಚು ನಿಗಾ ಇಡುತ್ತದೆ, ಕೊನೆಕೊನೆಗೆ ಬೇಸರ ಬರುತ್ತದೆ, ಆದ್ದರಿಂದ ಮೊದಲ ತೋಟೆಗಳು ಬೇಟೆಗೆ ಹೋಗುವವರಿಗೆ, ಕೊನೆಯವು ಕಾಗದಕ್ಕೆ. ನಮ್ಮ ಮನೆಯಲ್ಲಿ ಎಲ್ಕ್ ಬೇಟೆಗೆ ಎಲ್ಲರದೂ ಒಂದೇ ಅಳತೆಯ ಕೋವಿ. ಅಪ್ಪನ ಹಳೆಯ ಕೋವಿ ಮಾರೆನ್‌ಗೆ ಬಂದಿದೆ, ಹೊಸದು ವೆಂಡೆಲ್‌ನ ಹತ್ತಿರ ಇದೆ. ಒಂದು ಪೆಟ್ಟಿಗೆ ತೋಟೆ ಎರಡಕ್ಕೂ ಆಗುತ್ತದೆ.

ಮನೆಯ ಹಿಂದಿನ ಜಲ್ಲಿಗುಂಡಿಗೆ ಹೋದೆವು. ಅವನು ಮೇಜಿನ ಮೇಲೆ ಮರಳುಚೀಲವಿಟ್ಟು ಕೋವಿ ಒರಗಿಸಿದ. ನಾನು ಪಕ್ಕದಲ್ಲಿ ವೇಗಮಾಪಕದ ಪೆಟ್ಟಿಗೆ ಇಟ್ಟೆ. ಅವನು ತನ್ನ ಸಾಲಿನ ಕೊನೆಯ ತೋಟೆಯಿಂದ ಹಿಂದಕ್ಕೆ ಒಂದೊಂದಾಗಿ ತೆಗೆದು ಹೊಡೆಯತೊಡಗಿದ.

ಮೊದಲನೆಯದು ಎರಡು ಸಾವಿರದ ಎಂಟುನೂರ ಅರವತ್ತು. ಸರಿಯಾಗಿಯೇ ಇತ್ತು. ಎರಡನೆಯದು ಅದಕ್ಕಿಂತ ಮೂವತ್ತು ಹೆಚ್ಚು. ನಾನು ಕಿಸಕ್ಕನೆ ನಕ್ಕೆ. ಮೂರನೆಯದು ಮತ್ತೂ ಹೆಚ್ಚು. ನಾಲ್ಕನೆಯದು ಇನ್ನೂ ಹೆಚ್ಚು. ನನ್ನ ನಗು ನಿಂತಿತು. ವೇಗ ಹೊಯ್ದಾಡುವುದನ್ನು ನಾನು ಕಂಡಿದ್ದೇನೆ. ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ. ಇದು ಹೊಯ್ದಾಡುತ್ತಿರಲಿಲ್ಲ. ಮೆಟ್ಟಿಲು ಹತ್ತುತ್ತಿತ್ತು. ಐದನೆಯದು ಮೂರು ಸಾವಿರ ದಾಟಿತು.

"ನೋಡಿದ್ಯಾ!" ವೆಂಡೆಲ್ ದುರ್ಬೀನಿನಲ್ಲಿ ಕಾಗದ ನೋಡಿ ಕೂಗಿದ. "ಒಂದೇ ತೂತು! ತಗೊಂಡು ಹೋಗಿ ನಿನ್ನ ಪೆಟ್ಟಿಗೇನ ಕೋಳಿಗೂಡಿಗೆ ಹಾಕು."

"ಬೋಲ್ಟ್ ತೆಗಿ," ಎಂದೆ.

ಅವನು ಕೋವಿಯ ಹಿಂಬದಿ ಮುಚ್ಚುವ ಆ ಬೋಲ್ಟಿನ ಹಿಡಿಯನ್ನು ಎತ್ತಲು ನೋಡಿದ. ಬರಲಿಲ್ಲ. ಮತ್ತೆ ಎತ್ತಿದ. ಕೊನೆಗೆ ಅಂಗೈಯಿಂದ ಗುದ್ದಿದ ಮೇಲೆ ಕಿರುಗುಟ್ಟಿಕೊಂಡು ಬಂತು. ಹಿತ್ತಾಳೆ ಕೊಳವೆ ನೆಲಕ್ಕೆ ಬಿತ್ತು. ಎತ್ತಿ ನೋಡಿದೆ. ತಳದ ಕೇಪು ಯಾರೋ ಹೆಬ್ಬೆರಳಲ್ಲಿ ಒತ್ತಿ ತೀಡಿದ ಹಾಗೆ ಚಪ್ಪಟೆಯಾಗಿತ್ತು. ತಳದಲ್ಲಿ ಕೆತ್ತಿದ ಅಕ್ಷರಗಳ ಪಕ್ಕ ಹಿತ್ತಾಳೆ ಉಜ್ಜಿ ಹೊಳೆಯುತ್ತಿತ್ತು. ಒಳಗಿನ ಒತ್ತಡ ಮಿತಿಮೀರಿದ್ದಕ್ಕೆ ಇದಕ್ಕಿಂತ ದೊಡ್ಡ ಗುರುತು ಬೇಕಿಲ್ಲ. ವೆಂಡೆಲ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ತೂಕ ಸರಿಯಾಗಿತ್ತು, ನೆಡ್. ಒಂದೊಂದೂ ತೂಗಿದೀನಿ. ದೇವರಾಣೆ."

"ತೂಕದ ಮಾತಲ್ಲ. ಮದ್ದಿನ ಡಬ್ಬ ತೋರ್ಸು."

ಗ್ಯಾರೇಜಿನ ಮೇಜಿನ ಮೇಲೆ ಎರಡು ಡಬ್ಬ ಒಟ್ಟಿಗೆ ನಿಂತಿದ್ದವು. ತೋಟೆ ತುಂಬುವ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬ ಇರಬೇಕು ಎಂದು ಅಪ್ಪ ನಮಗೆ ಅಕ್ಷರ ಕಲಿಸುವ ಮೊದಲು ಕಲಿಸಿದ್ದ. ಒಂದು ಡಬ್ಬದಲ್ಲಿ ಎಲ್ಕ್ ಕೋವಿಯ ನಿಧಾನದ ಮದ್ದು. ಇನ್ನೊಂದರಲ್ಲಿ, ನೆಲದಳಿಲು ಹೊಡೆಯುವ ಪುಟ್ಟ ಕೋವಿಯ ಚುರುಕು ಮದ್ದು, ಬೆಂಕಿ ತಗುಲಿದರೆ ಒಂದೇ ಉಸಿರಿಗೆ ಉರಿಯುವಂಥದ್ದು. ಎರಡೂ ಬೂದುಬಣ್ಣದವೇ. ನಾನು ಬಿಳಿ ಕಾಗದ ಹಾಸಿ, ಎಲ್ಕ್ ಮದ್ದನ್ನು ಚಿಟಿಕೆಯಷ್ಟು ಸುರಿದು ಬೆರಳಿನಿಂದ ಹರಡಿದೆ. ಉದ್ದ ಕಡ್ಡಿಗಳು. ಅವುಗಳ ನಡುವೆ ಅಲ್ಲಲ್ಲಿ ಗಿಡ್ಡ ಕಡ್ಡಿಗಳು.

"ಹೋದ ವಾರ ಎರಡೂ ಒಟ್ಟಿಗೆ ತುಂಬಿದ್ಯಾ?"

ವೆಂಡೆಲ್ ಸ್ಟೂಲಿನ ಮೇಲೆ ಕೂತ. "ಮೊದಲು ಪುಟ್ಟ ಕೋವೀದು ತುಂಬ್ತಿದ್ದೆ. ಅಷ್ಟರಲ್ಲಿ ಬಸ್ಸು ಕೆಟ್ಟಿದೆ ಅಂತ ಸ್ಕೂಲಿಂದ ಫೋನ್ ಬಂತು. ಅಳತೆ ಪಾತ್ರೇಲಿ ಉಳಿದಿದ್ದನ್ನ ಗಡಿಬಿಡೀಲಿ ವಾಪಸ್ ಡಬ್ಬಕ್ಕೆ ಸುರಿದೆ..." ಯಾವ ಡಬ್ಬಕ್ಕೆ ಎಂದು ನಾನು ಕೇಳಲಿಲ್ಲ.

ಚುರುಕು ಮದ್ದು ಎಲ್ಕ್ ಡಬ್ಬದ ಮೇಲ್ಭಾಗದಲ್ಲಿ ಕೂತಿತ್ತು. ಅಲುಗಾಡಿ ಅರ್ಧಂಬರ್ಧ ಬೆರೆತಿತ್ತು. ಮಾರನೆಯ ದಿನ ಅವನು ಆ ಡಬ್ಬದಿಂದ ತೋಟೆ ತುಂಬಿದಾಗ ಮೊದಲ ತೋಟೆಗಳಿಗೆ ಅದು ಹೆಚ್ಚಾಗಿ ಹೋಗಿದೆ, ಬರಬರುತ್ತ ಕಡಿಮೆಯಾಗಿದೆ. ತಕ್ಕಡಿ ಎಲ್ಲವನ್ನೂ ಸರಿ ಎಂದಿದೆ, ಯಾಕೆಂದರೆ ತಕ್ಕಡಿಗೆ ಯಾವ ಮದ್ದಾದರೂ ಒಂದೇ. ನಾವು ಈಗ ಹೊಡೆದ ಐದೂ ಕೊನೆಯವು. ಅಂದರೆ ಅವೇ ಇದ್ದುದರಲ್ಲಿ ಒಳ್ಳೆಯವು. ಮಾರೆನ್‌ಳ ಕೋವಿಯಲ್ಲಿ ಇರುವುದು ಮೊದಲ ಸಾಲು. ಅದೂ ಅಪ್ಪನ ಹಳೆಯ ಕೋವಿ, ಒಳಗಿನ ಒತ್ತಡ ಸಿಡಿದರೆ ಅದಕ್ಕೆ ತಡೆಯುವ ಶಕ್ತಿ ಎಷ್ಟಿದೆಯೋ ಯಾರಿಗೆ ಗೊತ್ತು. ಗುರಿಯಿಡುವಾಗ ಅವಳ ಕೆನ್ನೆ ಹಿಡಿಗೆ ಒತ್ತಿಕೊಂಡಿರುತ್ತದೆ. ಬಲಗಣ್ಣು ಬೋಲ್ಟಿನಿಂದ ಒಂದು ಗೇಣು ದೂರ.

ನಾನು ಫೋನು ಮಾಡಿದೆ. ಬೆಟ್ಟದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಅವಳ ದನಿಯೇ ಬಂತು, ನಗುನಗುತ್ತ: "ಈಗ ಸಿಗಲ್ಲ, ಹೆಸರು ಹೇಳಿ ಇಡಿ." ಹೇಳಿದೆ. "ಮಾರೆನ್, ಕೋವಿ ಹೊಡೀಬೇಡ. ಏನೇ ಕಂಡ್ರೂ ಹೊಡೀಬೇಡ." ಯಾರಿಗೆ ಹೇಳಿದಂತಾಯಿತು ಅದು?

ಪಿಕಪ್ ವೆಂಡೆಲ್ ಓಡಿಸಿದ. ಕಣಿವೆಯ ದಾರಿಯ ಕೊನೆಯಲ್ಲಿ ಮಾರೆನ್‌ಳ ಗಾಡಿ ನಿಂತಿತ್ತು. ಅದರ ಗಾಜಿನ ಮೇಲೆ ಹೊಸ ಹಿಮ. ಹೆಜ್ಜೆಗುರುತು ಉತ್ತರದ ದಿಬ್ಬದ ಕಡೆಗೆ ಹತ್ತಿಹೋಗಿತ್ತು. ಪಶ್ಚಿಮದ ಗಾಳಿ ಕಿವಿ ಕಿತ್ತು ಹೋಗುವಂತೆ ಬೀಸುತ್ತಿತ್ತು.

ವೆಂಡೆಲ್‌ನ ಬಲಮಂಡಿ ಹೋಗಿ ಎಷ್ಟೋ ಕಾಲವಾಯಿತು. ಅವನು ಆ ಏರು ಹತ್ತಲಾರ. ಸೀಟಿನ ಹಿಂದೆ ಸದಾ ಬಿದ್ದಿರುವ ಸಣ್ಣ ಹಳೆಯ ಕೋವಿಗೆ ಕೈಹಾಕಿದ. ಅದರಲ್ಲಿರುವುದು ಅಂಗಡಿಯ ತೋಟೆ.

"ಮೂರು ಈಡು ಹೊಡೀತೀನಿ. ಕೇಳಿ ಇಳಿದು ಬರ್ತಾಳೆ."

ನಾನು ಅವನ ಮಣಿಕಟ್ಟು ಹಿಡಿದೆ. "ಬರೋಕೆ ಮುಂಚೆ ಏನು ಮಾಡ್ತಾಳೆ ಹೇಳು?"

ಅವನು ಕೋವಿಯಿಂದ ಕೈ ಹಿಂದೆಗೆದ. ಬೆಟ್ಟದಲ್ಲಿ ಮೂರು ಈಡು ಕೇಳಿಸಿದರೆ ಯಾರೋ ಆಪತ್ತಿನಲ್ಲಿದ್ದಾರೆ ಎಂದು ಅರ್ಥ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಬಾಲವಿದೆ. ಕೇಳಿಸಿಕೊಂಡವರು ಒಂದು ಈಡು ಹೊಡೆದು, ಕೇಳಿಸಿತು, ಬರುತ್ತಿದ್ದೇನೆ ಎಂದು ತಿಳಿಸಬೇಕು. ಅಪ್ಪ ನಮಗೆ ಕಲಿಸಿದ. ವೆಂಡೆಲ್ ಮಾರೆನ್‌ಗೆ ಕಲಿಸಿದ. ಅವಳು ಅದನ್ನು ಮರೆಯುವವಳಲ್ಲ.

"ಹಾರ್ನ್ ಹೊಡಿ," ಎಂದೆ. "ಬರೀ ಹಾರ್ನ್. ಕೋವಿ ಮುಟ್ಟಬೇಡ."

"ಮುಟ್ಟಲ್ಲ. ಹೋಗು ನೆಡ್. ಬೇಗ ಹೋಗು."

ಹತ್ತಿದೆ. ಮಂಡಿಯವರೆಗೆ ಹಿಮ. ಅವಳ ಹೆಜ್ಜೆಯೊಳಗೇ ಹೆಜ್ಜೆಯಿಟ್ಟು ಹತ್ತಿದೆ. ಕೆಳಗಿನಿಂದ ಹಾರ್ನ್ ಕೇಳಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಗಾಳಿ ಅದನ್ನು ನುಂಗಿತು. ಬೇರೆ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ ನಿಂತು, ಬೆಟ್ಟದಿಂದ ಒಂದು ಈಡಿನ ಸದ್ದು ಬರಲಿ, ಹುಡುಗಿಗೆ ಎಲ್ಕ್ ಸಿಗಲಿ ಎಂದು ಕಿವಿಗೊಟ್ಟು ಕಾದಿದ್ದೇನೆ. ಈಗ ಅದೇ ಸದ್ದಿಗೆ ಹೆದರಿ ಸಾಯುತ್ತಿದ್ದೆ. ಕೊಂಬೆ ಮುರಿದರೂ ನಿಂತು ಕಿವಿಗೊಡುತ್ತಿದ್ದೆ. ಎಲ್ಕ್ ಹಿಂಡಿನ ಹೊಸ ಲದ್ದಿ ಕಂಡಾಗಲಂತೂ ಅಳು ಬಂತು. ಇವತ್ತೊಂದು ದಿನ ಇವೆಲ್ಲ ಬೇರೆ ಕಡೆ ಹೋಗಬಾರದಿತ್ತೇ? ದೇವರೇ, ಅವಳ ಕಣ್ಣಿಗೆ ಒಂದೂ ಬೀಳದಿರಲಿ. ಬಿದ್ದರೂ ದೂರ ಇರಲಿ. ಹೀಗೇ ಏನೇನೋ ಬೇಡಿಕೊಂಡು ಹತ್ತಿದೆ.

ದಿಬ್ಬದ ನೆತ್ತಿ ಇನ್ನೇನು ಬಂತು ಎನ್ನುವಾಗ ಈಡು ಕೇಳಿಸಿತು.

ಒಂದೇ ಒಂದು. ಎಲ್ಲಿಂದ ಎಂದು ಗಾಳಿಯಲ್ಲಿ ತಿಳಿಯಲಿಲ್ಲ. ನಾನು ನಿಂತಲ್ಲೇ ಮಂಡಿಯೂರಿದೆ. ಅವಳ ಮುಖ ಹೇಗಾಗಿರಬಹುದು ಎಂದು ಕಣ್ಣೆದುರು ಬಂದುದನ್ನು ಇಲ್ಲಿ ಬರೆಯಲಾರೆ. ಎದ್ದೆ. ಕೈಕಾಲು ಊರಿಕೊಂಡು ನೆತ್ತಿಗೆ ತೆವಳಿದೆ. ಎದುರಿಗೆ ಆಳವಾದ ಕೊರಕಲು, ಅದರಾಚೆ ಇನ್ನೊಂದು ಇಳಿಜಾರು, ಆ ಇಳಿಜಾರಿನ ಒಂದು ಬಂಡೆಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಬೇಟೆ ಅಂಗಿ. ಅಲುಗಾಡಿತು. ಕೊರಳಲ್ಲಿದ್ದ ದುರ್ಬೀನು ಕಣ್ಣಿಗಿಟ್ಟೆ.

ಮಾರೆನ್ ಬಂಡೆಗೆ ಒರಗಿ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಕೋವಿ ತೊಡೆಯ ಮೇಲಿತ್ತು. ಮುಖ ಮುಖವಾಗಿಯೇ ಇತ್ತು. ಅವಳೂ ಆ ಈಡು ಕೇಳಿ ಕಣಿವೆಯ ಕೆಳಗಡೆಗೆ ಕತ್ತು ತಿರುಗಿಸಿದ್ದಳು. ಹೊಡೆದವರು ಬೇರೆ ಯಾರೋ ಬೇಟೆಗಾರರು. ನನಗೆ ನಗು ಬಂತು, ಗಟ್ಟಿಯಾಗಿ ನಕ್ಕುಬಿಟ್ಟೆ. ಅಲ್ಲಿಗೆ ಹೋಗಿ ಮೊದಲು ಆ ಕೋವಿ ಕಿತ್ತುಕೊಳ್ಳಬೇಕು, ಆಮೇಲೆ ಆ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಕಿತ್ತುಕೊಳ್ಳಬೇಕು ಎಂದುಕೊಂಡೆ.

ಆಗ ಕೆಳಗಿನಿಂದ ಈಡು ಬಂತು. ಮತ್ತೊಂದು. ಮತ್ತೊಂದು.

ವೆಂಡೆಲ್. ನನಗೆ ತಕ್ಷಣ ಅರ್ಥವಾಯಿತು. ಅವನೂ ಆ ಒಂಟಿ ಈಡು ಕೇಳಿದ್ದ. ಅದು ಮಾರೆನ್‌ದೇ, ಆಗಬಾರದ್ದು ಆಗಿಹೋಗಿದೆ ಎಂದುಕೊಂಡಿದ್ದ. ಇನ್ನು ಅವಳು ಉತ್ತರ ಕೊಡುವ ಮಾತೆಲ್ಲಿ? ಹತ್ತಿರದಲ್ಲಿ ಇರುವವರು ಯಾರಾದರೂ ಓಡಿ ಬರಲಿ, ನನ್ನ ಮಗಳನ್ನು ಹೊರಲಿ ಎಂದು ಆಪತ್ತಿನ ಈಡು ಹೊಡೆದಿದ್ದ.

"ಬೇಡ! ಮಾರೆನ್, ಬೇಡ!" ಕಿರುಚಿದೆ. ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕಿತು. ಕಿತ್ತಳೆ ಟೋಪಿ ಕಿತ್ತು ಎರಡು ಕೈಯಲ್ಲೂ ಬೀಸಿದೆ. ಅವಳು ನನ್ನನ್ನು ಕಂಡಳು. ಸ್ಯಾಂಡ್‌ವಿಚ್ ಎಸೆದು ಎದ್ದುನಿಂತಳು. ನಾನು ಇನ್ನೂ ಜೋರಾಗಿ ಬೀಸಿದೆ. ನಾನು ಬೀಸಿದಷ್ಟೂ ಅತ್ತೆ ಆಪತ್ತಿನಲ್ಲಿದ್ದಾಳೆ ಎಂದು ಅವಳಿಗೆ ಖಾತ್ರಿಯಾಗುತ್ತಿತ್ತು. ಅದು ನನಗೆ ಹೊಳೆದು ಕೈ ಇಳಿಸುವ ಹೊತ್ತಿಗೆ ಅವಳು ಕೋವಿ ಎತ್ತಿಯಾಗಿತ್ತು.

ಆಕಾಶಕ್ಕೆ ಹೊಡೆಯಲಿಲ್ಲ. ಆಕಾಶಕ್ಕೆ ಹೊಡೆದ ಗುಂಡು ಯಾರದೋ ತಲೆಯ ಮೇಲೆ ಇಳಿಯುತ್ತದೆ ಎಂದು ನಾವೇ ಅವಳಿಗೆ ಹೇಳಿಕೊಟ್ಟಿದ್ದೆವು. ಮಣ್ಣಿನ ದಿಣ್ಣೆ ಹುಡುಕಿ, ಅದರತ್ತ ತಿರುಗಿ, ಕಾಲು ಅಗಲಿಸಿ, ಹಿಡಿಯನ್ನು ಭುಜಕ್ಕೆ ಬಿಗಿದು, ಕೆನ್ನೆಯನ್ನು ಒತ್ತಿ, ಹೇಳಿಕೊಟ್ಟದ್ದನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದಳು. ದುರ್ಬೀನಿನಲ್ಲಿ ನಾನು ನೋಡುತ್ತಲೇ ಇದ್ದೆ. ಕಣ್ಣು ಮುಚ್ಚಲಾಗಲಿಲ್ಲ.

ಸದ್ದು ಬೇರೆಯಾಗಿತ್ತು. ಕೋವಿಯ ಸದ್ದಲ್ಲ, ತಗಡು ಸೀಳಿದಂಥ ಸದ್ದು. ಬೋಲ್ಟಿನ ಕಡೆಯಿಂದ ಬೂದು ಹೊಗೆ ಚಿಮ್ಮಿತು. ಅವಳು ಹಿಂದಕ್ಕೆ ಬಿದ್ದಳು.

ಆ ಕೊರಕಲನ್ನು ಹೇಗೆ ಇಳಿದೆನೋ ಹೇಗೆ ಹತ್ತಿದೆನೋ ಗೊತ್ತಿಲ್ಲ. ಅರ್ಧ ದಾರಿಗೆ ಅವಳೇ ಎದುರು ಬಂದಳು. ಕೋವಿ ಇರಲಿಲ್ಲ. ಎಡಗೈಯಿಂದ ಬಲಗಣ್ಣನ್ನು ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ರಕ್ತ ಇಳಿದು ಕಿತ್ತಳೆ ಅಂಗಿಯ ಮೇಲೆ ಕಪ್ಪಾಗಿತ್ತು. ಎಡವುತ್ತಿದ್ದಳು, ಆದರೆ ಓಡುತ್ತಿದ್ದಳು.

"ಅತ್ತೆ, ಏನಾಯ್ತು? ಯಾರಿಗೆ ಏನಾಯ್ತು? ಅಪ್ಪಂಗಾ?"

"ಯಾರಿಗೂ ಏನೂ ಆಗಿಲ್ಲ. ಕೂತ್ಕೋ. ಕೈ ತೆಗಿ, ನೋಡ್ತೀನಿ."

"ಸುಳ್ಳು ಹೇಳ್ಬೇಡ. ಮೂರು ಈಡು ಕೇಳಿಸ್ತು. ಅಪ್ಪಂಗೆ ಮತ್ತೆ ಎದೆನೋವು ತಾನೆ?"

"ಮಾರೆನ್, ಕೈ ತೆಗಿ."

ತೆಗೆದಳು. ನಾನು ನೋಡಿದೆ. ಕೊರಳಿನ ಮಫ್ಲರ್ ಬಿಚ್ಚಿ ಅವಳ ತಲೆಗೆ ಸುತ್ತಿ ಬಿಗಿದೆ. ಗಂಟನ್ನು ಎರಡೆರಡು ಸಲ ಹಾಕಿದೆ. ಆ ಕಣ್ಣು ಇನ್ನು ಬರುವುದಿಲ್ಲ ಎಂದು ಹೇಳುವುದಕ್ಕೆ ಡಾಕ್ಟರು ಬೇಕಿರಲಿಲ್ಲ.

"ನಂದು ಆಮೇಲೆ ನೋಡಿದ್ರಾಯ್ತು. ಮೊದ್ಲು ಅಪ್ಪ," ಎಂದು ನನ್ನ ತೋಳು ಹಿಡಿದು ಎಳೆದುಕೊಂಡು ಇಳಿಯತೊಡಗಿದಳು. ನಿಧಾನ ಎಂದರೆ ಕೇಳುತ್ತಿರಲಿಲ್ಲ. ಇಳಿಯುವಾಗ ಒಂದು ಸಲ ವಾಂತಿ ಮಾಡಿದಳು, ಬಾಯಿ ಒರೆಸಿಕೊಂಡು ಮತ್ತೆ ನಡೆದಳು. ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೇಳಿದ್ದರೆ ಅವಳ ಕಾಲು ಅಲ್ಲೇ ಸೋಲುತ್ತಿತ್ತೇನೋ. ಅಪ್ಪನ ಜೀವ ಉಳಿಸಬೇಕೆಂಬ ಆತುರದಲ್ಲೇ ಅವಳು ಬೆಟ್ಟ ಇಳಿದಳು.

ದಾರಿಯ ತಿರುವಿನಲ್ಲಿ ವೆಂಡೆಲ್ ಎದುರಾದ. ಆ ಕೆಟ್ಟ ಮಂಡಿಯನ್ನು ಎಳೆದುಕೊಂಡು ಅಷ್ಟು ದೂರ ಹತ್ತಿ ಬಂದಿದ್ದ. ಮಗಳನ್ನು ನೋಡಿ ಮರಕ್ಕೆ ಆತು ನಿಂತುಬಿಟ್ಟ.

ಮಾರೆನ್ ಉಳಿದ ಒಂದು ಕಣ್ಣಿನಿಂದ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಎದೆ ಮುಟ್ಟಿದಳು, ತೋಳು ಮುಟ್ಟಿದಳು.

"ಅಬ್ಬ, ಸದ್ಯ," ಎಂದಳು. "ಚೆನ್ನಾಗಿದೀಯ. ನಾನು ಉತ್ತರ ಕೊಟ್ಟೆನಲ್ಲ, ಕೇಳಿಸ್ಲಿಲ್ವಾ ಅಪ್ಪಾ?"

ವೆಂಡೆಲ್ ಕೇಳಿಸಿತು ಎಂದ.